ಜೋಳಿಗೆ ಹಿಡಿದ ಕೈಗೆ ಅರ್ಜಿ ಬೇಡ: ನಾಡಿನ ಮಠಾಧೀಶರಿಗೆ ಒಂದು ಬಹಿರಂಗ ಪತ್ರ

ನಾಡಿನ ಎಲ್ಲ ಮಠಗಳ ಪೂಜ್ಯರಿಗೆ,



ನಾನು ಮಠದ ಅನ್ನ ಉಂಡು ಬೆಳೆದವನು. ಅಪ್ಪನಿಗೆ ಇದ್ದದ್ದು ಮಳೆ ನಂಬಿದ ಎರಡು ಎಕರೆ ಎರೆಹೊಲ. ನಮ್ಮೂರಲ್ಲಿ ಹೈಸ್ಕೂಲು ಇರಲಿಲ್ಲ. ಇದ್ದ ಊರಿನಲ್ಲಿ ಬಾಡಿಗೆಗೆ ಕೋಣೆ ಹಿಡಿಯುವ ಶಕ್ತಿ ನಮಗಿರಲಿಲ್ಲ. ಅಲ್ಲಿನ ಮಠದ ಪ್ರಸಾದ ನಿಲಯ ನನ್ನನ್ನು ಮೂರು ವರ್ಷ ಸಾಕಿತು. ಆಮೇಲೆ ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿ ದುಡಿದು ಈಗ ನಿವೃತ್ತನಾಗಿದ್ದೇನೆ. ಉಂಡ ಮನೆಯ ಋಣ ನನ್ನ ಮೇಲಿದೆ. ಆ ಋಣವೇ ಈ ಪತ್ರ ಬರೆಸುತ್ತಿದೆ.

ನಮ್ಮ ಪ್ರಸಾದ ನಿಲಯದಲ್ಲಿ ಒಂದು ಹಿತ್ತಾಳೆ ಗಂಟೆ ಇತ್ತು. ಮಧ್ಯಾಹ್ನ ಒಂದಕ್ಕೆ ಅದು ಹೊಡೆದರೆ ಇನ್ನೂರು ಹುಡುಗರು ಸಾಲಾಗಿ ಕೂರುತ್ತಿದ್ದೆವು. ಜೋಳದ ನುಚ್ಚು, ಸಾರು, ಹಬ್ಬದ ದಿನ ಗೋಧಿ ಹುಗ್ಗಿ. ಜಿಲ್ಲಾಧಿಕಾರಿ ಬರಲಿ, ಊರ ಗೌಡರು ಬರಲಿ, ಆ ಗಂಟೆ ಯಾರಿಗೂ ಕಾಯುತ್ತಿರಲಿಲ್ಲ. ಬಂದವರು ಮಕ್ಕಳ ಪಂಕ್ತಿ ಎದ್ದ ಮೇಲೆ ಉಣ್ಣಬೇಕಿತ್ತು. ಆ ಗಂಟೆಯ ಮಾತು ನೆನಪಿರಲಿ. ಮತ್ತೆ ಅದಕ್ಕೇ ಬರುತ್ತೇನೆ.

ಆ ಅನ್ನ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನಾನು ನಮ್ಮ ಮನೆಯ ಅಂಗಳದಲ್ಲೇ ಕಂಡಿದ್ದೆ. ಸುಗ್ಗಿ ಮುಗಿದ ಮೇಲೆ ಮಠದ ಅಜ್ಜಾರು ಚಕ್ಕಡಿಯಲ್ಲಿ ಊರಿಗೆ ಬರುತ್ತಿದ್ದರು. ಮನೆ ಮನೆಯ ಮುಂದೆ ಜೋಳಿಗೆ ಹಿಡಿದು ನಿಲ್ಲುತ್ತಿದ್ದರು. ನಮ್ಮಜ್ಜಿ ಹಗೇವಿನಿಂದ ತೆಗೆದ ಬಿಳಿಜೋಳವನ್ನು ಮೊರದಲ್ಲಿ ಹಸನು ಮಾಡಿ, ಸೇರಿನಿಂದ ಅಳೆದು ಸುರಿಯುತ್ತಿದ್ದಳು. ಬರ ಬಿದ್ದ ವರ್ಷ ಅವಳ ಕೈಯಲ್ಲಿ ಇದ್ದದ್ದು ಒಂದೇ ಬೊಗಸೆ. ಅಜ್ಜಾರು ನಾಲ್ಕು ಸೇರಿಗೆ ಹೇಗೆ ಬಾಗಿದ್ದರೋ ಆ ಬೊಗಸೆಗೂ ಹಾಗೆಯೇ ಬಾಗಿ ಇಸಿದುಕೊಂಡರು. ಆಮೇಲೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು: ಯಾರ ಮನೆಯಲ್ಲಿ ಯಾರಿಗೆ ಆರಾಮ ಇಲ್ಲ, ಅಣ್ಣತಮ್ಮರ ಬದುವಿನ ಜಗಳ ಮುಗಿಯಿತೋ ಇಲ್ಲವೋ, ಆ ಹುಡುಗಿ ಸಾಲಿ ಯಾಕೆ ಬಿಟ್ಟಳು.

ಒಮ್ಮೆ ಅಜ್ಜಿ ಅವರನ್ನೇ ಕೇಳಿಬಿಟ್ಟಳು: “ಯಾಕ್ರೀ ಅಜ್ಜಾರ, ಹುಡುಗರ ಸಾರು ಭಾಳ ನೀರಾಗೈತಂತಲ್ಲ?” ಅಜ್ಜಾರು ಸಿಟ್ಟಾಗಲಿಲ್ಲ. “ನೋಡತೀನವ್ವ” ಅಂದರು. ಮರುವಾರದಿಂದ ಸಾರು ಗಟ್ಟಿಯಾಯಿತು.

ಪೂಜ್ಯರೇ, ಒಂದು ಬೊಗಸೆ ಜೋಳ ಹಾಕಿದ ಮುದುಕಿಗೆ ಮಠವನ್ನು ಕೇಳುವ ಹಕ್ಕಿತ್ತು. ಸಾವಿರ ಮನೆಗಳ ಬೊಗಸೆಯಿಂದ ನಡೆಯುವ ಮಠಕ್ಕೆ ದೊರೆಯನ್ನು ಕೇಳುವ ಹಕ್ಕಿತ್ತು. ಇವೆರಡೂ ಒಂದೇ ಹಕ್ಕಿನ ಎರಡು ತುದಿಗಳು. ಒಂದು ತುದಿ ಕಡಿದರೆ ಇನ್ನೊಂದು ತಾನೇ ಬೀಳುತ್ತದೆ. ನಾನು ಹೇಳಬೇಕಾದ ಮಾತು ಇದೊಂದೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ಬಡದೇಶದಲ್ಲಿ ಸರ್ಕಾರದ ಕೈ ಹಳ್ಳಿಗೆ ಮುಟ್ಟುವ ಮೊದಲೇ ನಿಮ್ಮ ಕೈ ಮುಟ್ಟಿತ್ತು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಶಿವಯೋಗ ಮಂದಿರ ಕಟ್ಟಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿ ಆ ಮಕ್ಕಳ ಹೊಟ್ಟೆ ತುಂಬಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. 2019ರ ಜನವರಿ 21ರಂದು, ತಮ್ಮ 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ನಾಡೆಲ್ಲ ಅತ್ತದ್ದು ಈ ದಾಸೋಹಕ್ಕಾಗಿ. ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಿಂದ ಹಿಡಿದ ಜೋಳಿಗೆ ಇನ್ನೂ ವಿಶೇಷದ್ದು. ಅವರು ಕಾಳು ಬೇಡಲಿಲ್ಲ, ಕಾಸು ಬೇಡಲಿಲ್ಲ. ನಿಮ್ಮ ಕುಡಿತ, ನಿಮ್ಮ ಗುಟ್ಕಾ, ನಿಮ್ಮ ಬೀಡಿ ಈ ಜೋಳಿಗೆಗೆ ಹಾಕಿ ಎಂದು ಓಣಿ ಓಣಿ ತಿರುಗಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಸರ್ಕಾರ 2002ರಲ್ಲಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಶುರು ಮಾಡಿದಾಗ ಆ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ದಾಸೋಹ ಎಂಬುದು ನಿಮ್ಮ ಅಂಗಳದ ಮಾತು. ನನ್ನ ಶಾಲೆಯಲ್ಲಿ ಮೊದಲ ದಿನ ಅಡುಗೆಯಾದಾಗ ನಾನು ಒಲೆಯ ಪಕ್ಕ ನಿಂತು ನನ್ನ ಪ್ರಸಾದ ನಿಲಯವನ್ನು ನೆನೆದೆ. ಧರ್ಮ ರಾಜಕಾರಣದ ಮೇಲೆ ಪ್ರಭಾವ ಬೀರುವುದಾದರೆ ಹೀಗೆ ಬೀರಬೇಕು. ಹಸಿದ ಮಗುವಿಗೆ ಉಣಿಸುವುದನ್ನು ಮಠ ಮಾಡಿ ತೋರಿಸಿತು, ಸರ್ಕಾರ ಕಲಿತು ರಾಜ್ಯಕ್ಕೆಲ್ಲ ಹಬ್ಬಿಸಿತು.

ಈಗ ನದಿ ಹಿಮ್ಮುಖವಾಗಿ ಹರಿಯುತ್ತಿದೆ. 2008ರ ನಂತರ ರಾಜ್ಯದ ಬಜೆಟ್ಟಿನಲ್ಲಿ ಮಠಗಳ ಹೆಸರು ಹಿಡಿದು ಅನುದಾನ ಹಂಚುವುದು ರೂಢಿಯಾಯಿತು. ಮುಂದೆ ಬೇರೆ ಪಕ್ಷದ ಬಜೆಟ್ಟಿನಲ್ಲೂ ಅದು ಕಾಣಿಸಿತು. ಬಜೆಟ್ ಬಂತೆಂದರೆ ನಮ್ಮ ಮಠಕ್ಕೆಷ್ಟು, ಅವರ ಮಠಕ್ಕೆಷ್ಟು ಎಂದು ಲೆಕ್ಕ ಹಾಕುವ ದಿನಗಳು ಬಂದವು. 2022ರ ಏಪ್ರಿಲಿನಲ್ಲಿ ಒಬ್ಬ ಸ್ವಾಮೀಜಿಯವರೇ ಸಾರ್ವಜನಿಕವಾಗಿ ಹೇಳಿದರು: ಮಠಕ್ಕೆ ಮಂಜೂರಾದ ಹಣ ಕೈಸೇರಬೇಕಾದರೆ ಶೇಕಡ 30ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು. ಆರೋಪ ನಿಜವೋ ಅಲ್ಲವೋ ಎಂಬುದು ತನಿಖೆಯ ಮಾತು. ಆದರೆ ಮಠ ಮತ್ತು ಕಮಿಷನ್ ಎಂಬ ಎರಡು ಶಬ್ದಗಳು ಒಂದೇ ವಾಕ್ಯದಲ್ಲಿ ಬಂದವಲ್ಲ, ಅಂದು ನನ್ನ ಎದೆ ಧಸಕ್ಕೆಂದಿತು.

ಕೊಡುವವರ ಮನೆಗೆ ಹೋದ ಮೇಲೆ ಅಲ್ಲಿ ಯಾರು ಯಜಮಾನರಾಗಬೇಕು ಎಂಬ ಮಾತೂ ಬಂದೇ ಬರುತ್ತದೆ. 2020ರ ಜನವರಿಯಲ್ಲಿ ಹರಿಹರದ ವೇದಿಕೆಯಿಂದ, ನಮ್ಮ ಸಮುದಾಯದ ಶಾಸಕರನ್ನು ಮಂತ್ರಿ ಮಾಡದಿದ್ದರೆ ಸಮುದಾಯ ನಿಮ್ಮ ಕೈಬಿಡುತ್ತದೆ ಎಂಬ ಮಾತು ಅಲ್ಲಿನ ಪೀಠದ ಕಡೆಯಿಂದ ಬಂತು. ಪಕ್ಕದಲ್ಲೇ ಕೂತಿದ್ದ ಮುಖ್ಯಮಂತ್ರಿ ಯಡಿಯೂರಪ್ಪನವರು ಬೇಸರದಿಂದ ಎದ್ದು ನಿಂತರು. ಮರುವರ್ಷ ಅದೇ ಯಡಿಯೂರಪ್ಪನವರ ಕುರ್ಚಿ ಅಲುಗಾಡಿದಾಗ ಹತ್ತಾರು ಸ್ವಾಮೀಜಿಗಳು ಅವರ ಕಾವೇರಿ ನಿವಾಸಕ್ಕೆ ಹೋಗಿ ಬೆಂಬಲ ಹೇಳಿ ಬಂದರು. 2021ರ ಜುಲೈ 25ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾವಿಯ ದೊಡ್ಡ ಸಭೆ ಸೇರಿತು. ಮರುದಿನವೇ ಅವರು ರಾಜೀನಾಮೆ ಕೊಟ್ಟರು. 2024ರ ಜೂನ್ 27ರಂದು ಕೆಂಪೇಗೌಡ ಜಯಂತಿಯ ವೇದಿಕೆಯಲ್ಲಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರಿಗೇ, ಕುರ್ಚಿಯನ್ನು ಡಿ.ಕೆ. ಶಿವಕುಮಾರ್ ಅವರಿಗೆ ಬಿಟ್ಟುಕೊಡಿ ಎಂದು ಇನ್ನೊಬ್ಬ ಪೂಜ್ಯರು ಕೇಳಿದರು. ಅದರ ಬೆನ್ನಿಗೇ ಮತ್ತೊಂದು ಸಮುದಾಯದ ಪೀಠಗಳಿಂದ ನಮ್ಮವರೇ ಆಗಲಿ ಎಂಬ ಬೇಡಿಕೆ ಎದ್ದಿತು.

ಈ ಪಟ್ಟಿಯಲ್ಲಿ ಬೇರೆ ಬೇರೆ ಪಕ್ಷಗಳೂ ಇವೆ, ಹಲವು ಸಮುದಾಯಗಳೂ ಇವೆ. ಆದ್ದರಿಂದ ಇದು ಒಬ್ಬರ ತಪ್ಪಲ್ಲ. ಮುಖ್ಯಮಂತ್ರಿಯನ್ನು ಆರಿಸುವವರು ಶಾಸಕರು, ಶಾಸಕರನ್ನು ಆರಿಸುವವರು ನಾವು. ನಮ್ಮ ಓಟಿನ ಮೇಲೆ ಪೀಠ ಕೂತರೆ ನಮ್ಮ ಕೆಲಸವೇನು ಉಳಿಯಿತು?

ಇನ್ನು ಆ ಗಂಟೆಯ ಮಾತು. ಕೆಲವು ವರ್ಷಗಳ ಹಿಂದೆ ನಾನು ಓದಿದ ಮಠದ ಜಾತ್ರೆಗೆ ಹೋಗಿದ್ದೆ. ಹೊಸ ಕಲ್ಯಾಣ ಮಂಟಪದ ಉದ್ಘಾಟನೆ ಇತ್ತು. ಹನ್ನೊಂದಕ್ಕೆ ಬರಬೇಕಿದ್ದ ಮಂತ್ರಿಗಳು ಒಂದಾದರೂ ಬರಲಿಲ್ಲ. ಪ್ರಸಾದ ನಿಲಯದ ಮಕ್ಕಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಹೂವಿನ ಪಕಳೆಯ ತಟ್ಟೆ ಹಿಡಿದು ದಾರಿಯ ಎರಡೂ ಬದಿ ಬಿಸಿಲಲ್ಲಿ ನಿಂತಿದ್ದರು. ಪಕಳೆ ಬಾಡಿ ಅಂಚು ಕಪ್ಪಾಗಿತ್ತು. ಒಂದೂವರೆಗೆ ನಾನು ಅಡುಗೆಮನೆ ಕಡೆ ಹೋಗಿ ಕೇಳಿದೆ: “ಗಂಟೆ ಯಾಕ ಹೊಡೀಲಿಲ್ಲ?” ಬಡಿಸುವವರು ತಲೆ ತಗ್ಗಿಸಿ ಹೇಳಿದರು: “ಸಾಹೇಬರು ಬಂದ ಮ್ಯಾಲೆ ಅಂತ ಹೇಳ್ಯಾರ್ರೀ ಸರ.” ಎರಡು ಮುಕ್ಕಾಲಿಗೆ ಕಾರುಗಳು ಬಂದವು. ಭಾಷಣ, ಶಾಲು, ಹಾರ ಮುಗಿದು ಗಂಟೆ ಹೊಡೆದಾಗ ನಾಲ್ಕಾಗಿತ್ತು. ಐದನೇ ಇಯತ್ತೆಯ ಒಬ್ಬ ಹುಡುಗ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದ. ತಟ್ಟೆ ಅವನ ತೊಡೆಯ ಮೇಲೇ ಇತ್ತು.

ನಾನು ಉಂಡ ಮೂರು ವರ್ಷದಲ್ಲಿ ಯಾರಿಗೂ ಕಾಯದ ಗಂಟೆ ಅಂದು ಕಾಯಿತು. ಆ ಮಂಟಪಕ್ಕೆ ಸರ್ಕಾರದ ದುಡ್ಡು ಬಿದ್ದಿತ್ತು. ಬೊಗಸೆ ಜೋಳ ಹಾಕಿದ ಅಜ್ಜಿ ಎಂದೂ ಗಂಟೆ ನಿಲ್ಲಿಸು ಎಂದಿರಲಿಲ್ಲ. ಅನುದಾನ ಕೊಟ್ಟವರೂ ಬಾಯಿಬಿಟ್ಟು ಹಾಗೆ ಹೇಳಿರಲಾರರು. ಆದರೆ ಇಸಿದುಕೊಂಡವರ ಮನಸ್ಸು ತಾನಾಗಿ ಬಾಗಿಬಿಡುತ್ತದೆ. ನನಗೆ ಹೆದರಿಕೆ ಇರುವುದು ಈ ಬಾಗುವಿಕೆಯ ಬಗ್ಗೆ.

ಹಾಗಾದರೆ ಸ್ವಾಮಿಗಳು ಮಠದ ಬಾಗಿಲು ಹಾಕಿಕೊಂಡು ಪೂಜೆ ಮಾಡುತ್ತ ಕೂರಬೇಕೇ ಎಂದು ನೀವು ಕೇಳಬಹುದು. ಖಂಡಿತ ಬೇಡ. ದಕ್ಷಿಣ ಕೊರಿಯಾದ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆಗೆಂದು ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ರೈತರ ಸಾವಿರಾರು ಎಕರೆ ಹೊಲ ಹೋಗುವುದರಲ್ಲಿತ್ತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಆ ರೈತರ ಮುಂದೆ ನಿಂತರು. 2011ರಲ್ಲಿ ಸರ್ಕಾರ ಅಲ್ಲಿನ ಭೂಸ್ವಾಧೀನ ಕೈಬಿಟ್ಟಿತು. ಕಪ್ಪತಗುಡ್ಡಕ್ಕೆ ಕೊಟ್ಟಿದ್ದ ಸಂರಕ್ಷಣೆಯನ್ನು 2016ರಲ್ಲಿ ಸರ್ಕಾರ ಹಿಂತೆಗೆದುಕೊಂಡಾಗಲೂ ಅವರು ಬೀದಿಗಿಳಿದರು. ಮರುವರ್ಷ ಸಂರಕ್ಷಣೆ ಮರಳಿ ಬಂತು. ಇದೂ ರಾಜಕಾರಣವೇ. ಒಂದು ಸರ್ಕಾರದ ತೀರ್ಮಾನವನ್ನು ಸ್ವಾಮೀಜಿ ಬದಲಿಸಿದರು. ಆದರೆ ಯಾರನ್ನೂ ಮಂತ್ರಿ ಮಾಡಿ ಎಂದು ಕೇಳಲಿಲ್ಲ. ಹೊಲ ಕಳೆದುಕೊಳ್ಳಲಿದ್ದ ರೈತನ ಜಾತಿಯನ್ನೂ ಕೇಳಲಿಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಶತಮಾನಗಳ ಕಾಲ ಮಠವೆಂದರೆ ಕೆಲವೇ ಸಮುದಾಯಗಳ ಸೊತ್ತಾಗಿತ್ತು. 1990ರ ದಶಕದಲ್ಲಿ ಕಾಗಿನೆಲೆಯ ಕನಕ ಗುರುಪೀಠ, ರಾಜನಹಳ್ಳಿಯ ವಾಲ್ಮೀಕಿ ಗುರುಪೀಠ ಹುಟ್ಟಿದ್ದು, ಆಮೇಲೆ ಇನ್ನೂ ಹಲವು ಹಿಂದುಳಿದ, ದಲಿತ ಸಮುದಾಯಗಳು ಪೀಠ ಕಟ್ಟಿಕೊಂಡದ್ದು, ಬಾಗಿಲ ಹೊರಗೆ ನಿಂತವರಿಗೂ ಒಂದು ಬಾಗಿಲು ಬೇಕಿತ್ತೆಂಬ ಕಾರಣಕ್ಕೆ. 2022ರಲ್ಲಿ ವಾಲ್ಮೀಕಿ ಪೀಠದ ಪ್ರಸನ್ನಾನಂದಪುರಿ ಸ್ವಾಮೀಜಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇನ್ನೂರಕ್ಕೂ ಹೆಚ್ಚು ದಿನ ಧರಣಿ ಕೂತರು. ಪರಿಶಿಷ್ಟ ಪಂಗಡದ ಮೀಸಲಾತಿ ಶೇಕಡ 3ರಿಂದ 7ಕ್ಕೆ ಏರಿತು. ದನಿಯಿಲ್ಲದವರ ಹಕ್ಕಿಗಾಗಿ ಗುರು ಬಿಸಿಲು ಮಳೆಯಲ್ಲಿ ಕೂರುವುದನ್ನು ಹಗುರವಾಗಿ ಕಾಣುವಷ್ಟು ನಾನು ಕುರುಡನಲ್ಲ.

ಹಾಗಾದರೆ ಗೆರೆ ಎಲ್ಲಿದೆ? ನನಗೆ ಕಂಡ ಗೆರೆ ಇದು. ಕೇಳುವುದು ಜನಕ್ಕೆ ಸಿಗಬೇಕಾದ ಹಕ್ಕಾದರೆ ಅದು ಗುರುವಿನ ಕೆಲಸ. ಕೇಳುವುದು ಒಬ್ಬ ವ್ಯಕ್ತಿಗೆ ಕುರ್ಚಿಯಾದರೆ ಅದು ದಲ್ಲಾಳಿಯ ಕೆಲಸ. ಹೊಲ, ಕಾಡು, ಶಾಲೆ, ಮೀಸಲಾತಿ, ಕುಡಿಯುವ ನೀರು ಇವಕ್ಕೆ ನೀವು ಎಷ್ಟು ಗಟ್ಟಿಯಾಗಿ ಕೂಗಿದರೂ ಕಡಿಮೆಯೇ. ಮಂತ್ರಿಗಿರಿ, ಟಿಕೆಟ್ಟು, ನಿಗಮದ ಅಧ್ಯಕ್ಷಗಿರಿ ಇವಕ್ಕೆ ನಿಮ್ಮ ಬಾಯಿಂದ ಒಂದು ಶಬ್ದ ಬಂದರೂ ಹೆಚ್ಚು.

ನಮ್ಮ ಜಾತಿಯವರು ಮುಖ್ಯಮಂತ್ರಿಯಾದರೆ ನಮಗೆ ಒಳ್ಳೆಯದಾಗುತ್ತದೆ ಎಂದು ಭಕ್ತರಿಗೆ ಹೇಳಲಾಗುತ್ತದೆ. ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟೋ ಜನ ಮುಖ್ಯಮಂತ್ರಿಗಳು ಬಂದು ಹೋದರು. ಅವರಲ್ಲಿ ನಮ್ಮವರೂ ಇದ್ದರು, ಬೇರೆಯವರೂ ಇದ್ದರು. ಮಳೆಗಾಲದಲ್ಲಿ ನನ್ನ ಶಾಲೆಯ ನಾಲ್ಕನೇ ತರಗತಿಯ ಹಂಚು ಎಲ್ಲರ ಕಾಲದಲ್ಲೂ ಸೋರಿತು. ಆ ಹಂಚಿನ ಬಗ್ಗೆ ಶಾಸಕರನ್ನು ಕೇಳಲು ಹೋದ ಊರವರಿಗೆ, ನಿಮ್ಮ ಮಠಕ್ಕೆ ಅಷ್ಟು ಕೊಟ್ಟಿಲ್ಲವೇ ಎಂಬ ಉತ್ತರ ಸಿಕ್ಕಿತು. ಮಠಕ್ಕೆ ಕೊಟ್ಟದ್ದು ಊರಿಗೆ ಕೊಡದಿರಲು ನೆಪವಾಯಿತು. ರಾಜಕಾರಣಿಗೆ ಇದು ಅಗ್ಗದ ವ್ಯಾಪಾರ. ಒಂದು ಪೀಠಕ್ಕೆ ನಮಸ್ಕಾರ ಮಾಡಿದರೆ ಸಾವಿರ ಮನೆಗಳಿಗೆ ಉತ್ತರ ಹೇಳುವುದು ತಪ್ಪುತ್ತದೆ.

ಸಂವಿಧಾನದ 27ನೇ ವಿಧಿ ಯಾವುದೇ ಒಂದು ಧರ್ಮದ ಪೋಷಣೆಗೆಂದೇ ತೆರಿಗೆ ಕೊಡುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆ ಧರ್ಮ, ಜಾತಿಯ ಹೆಸರಿನಲ್ಲಿ ಅಭ್ಯರ್ಥಿಗಳು ಓಟು ಕೇಳುವುದನ್ನು ಭ್ರಷ್ಟಾಚಾರ ಎಂದೇ ಕರೆಯುತ್ತದೆ. ಧರ್ಮ, ರಾಜಕಾರಣ ಬೆರೆಯಬಾರದೆಂಬ ಈ ಮಾತಿಗೆ ನಮ್ಮ ನಾಡಿನ ಹೆಸರೂ ಅಂಟಿಕೊಂಡಿದೆ. 1989ರಲ್ಲಿ ವಜಾಗೊಂಡ ನಮ್ಮ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲೇ, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು ಎಂದು ಸಾರಿತು.

ಸರ್ಕಾರ ಧರ್ಮದೊಳಗೆ ಕೈಹಾಕಿದರೂ ಇಷ್ಟೇ ಕೆಡುಕು. 2018ರ ಮಾರ್ಚಿನಲ್ಲಿ, ಚುನಾವಣೆಗೆ ಎರಡು ತಿಂಗಳಿರುವಾಗ, ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸನ್ನು ಸಂಪುಟ ಒಪ್ಪಿತು. ಆ ಬೇಡಿಕೆಯ ಹಿಂದೆ ದೊಡ್ಡ ತಾತ್ವಿಕ ಪ್ರಶ್ನೆ ಇತ್ತು, ವಿದ್ವಾಂಸರ ದುಡಿಮೆ ಇತ್ತು. ಆದರೆ ಚುನಾವಣೆಯ ಬಿಸಿಯಲ್ಲಿ ಅದು ಬೆಂದು ಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಅವರೇ ಧರ್ಮದ ವಿಚಾರದಲ್ಲಿ ಕೈಹಾಕಿದ್ದು ತಪ್ಪಾಯಿತೆಂದರು. ಮಠಮಠಗಳ ನಡುವೆ ಬಿದ್ದ ಬಿರುಕು ಮಾತ್ರ ಉಳಿಯಿತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಿಮ್ಮ ಮೌನ. 2022ರ ಮಾರ್ಚಿನಲ್ಲಿ ಕರಾವಳಿಯಲ್ಲಿ ಕಾಪುವಿನ ಮಾರಿಗುಡಿಯಿಂದ ಹಿಡಿದು ಬಪ್ಪನಾಡಿನವರೆಗೆ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಕೂಗು ಎದ್ದಿತು. ಬಪ್ಪನಾಡು ಎಂದರೆ ಬಪ್ಪ ಬ್ಯಾರಿಯ ಐತಿಹ್ಯವನ್ನು ಇಂದಿಗೂ ನೆನೆಯುವ ದೇವಸ್ಥಾನ. ನಮ್ಮೂರ ಜಾತ್ರೆಯಲ್ಲಿ ನನ್ನಜ್ಜಿಗೆ ವರ್ಷ ವರ್ಷ ಬಳೆ ತೊಡಿಸುತ್ತಿದ್ದವನು ಒಬ್ಬ ಸಾಬರ ಬಳೆಗಾರ. ಅವನು ತೊಡಿಸದೆ ಅವಳು ತೇರಿಗೆ ಕೈಮುಗಿಯುತ್ತಿರಲಿಲ್ಲ. ಅಂಥ ಬಳೆಗಾರರ ಮೊಮ್ಮಕ್ಕಳಿಗೆ ಜಾತ್ರೆಯಲ್ಲಿ ಜಾಗ ಇಲ್ಲ ಎಂದಾಗ, ದನಿ ಎತ್ತಿದ ಪೂಜ್ಯರನ್ನು ಬೆರಳಲ್ಲಿ ಎಣಿಸಬಹುದಿತ್ತು. ಮಂತ್ರಿಗಿರಿ ತಪ್ಪಿದಾಗ ಗುಡುಗುವ ಪೀಠಗಳು ಬಡ ವ್ಯಾಪಾರಿಯ ಹೊಟ್ಟೆಗೆ ಹೊಡೆತ ಬಿದ್ದಾಗ ಯಾಕೆ ಸುಮ್ಮನಿದ್ದವು? ದೊರೆಯ ಬಳಿ ಕೈಚಾಚಿದವರಿಗೆ ದೊರೆಗೆ ಹಿತವಾಗದ ಮಾತು ಗಂಟಲಲ್ಲೇ ನಿಲ್ಲುತ್ತದೆ ಎಂಬುದಲ್ಲದೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಮಸೀದಿ, ಚರ್ಚುಗಳ ಗುರುಗಳಿಗೂ ಈ ಪ್ರಶ್ನೆ ಸಲ್ಲುತ್ತದೆ. ಆದರೆ ನಾನುಂಡದ್ದು ಮಠದ ಅನ್ನ, ಹಾಗಾಗಿ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.

ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದವರು. ಅಧಿಕಾರ ಅವರ ಕೈಯಲ್ಲೇ ಇತ್ತು. ಭಂಡಾರದ ಹಣ ಜಂಗಮರಿಗೆ ಹೋಗುತ್ತಿದೆ ಎಂದು ಚಾಡಿ ಹೇಳಿದಾಗ ಲೆಕ್ಕ ತೆಗೆದು ನೋಡಿದರೆ ಒಂದು ಕಾಸೂ ಕಡಿಮೆ ಇರಲಿಲ್ಲ ಎನ್ನುತ್ತವೆ ಪುರಾಣಗಳು. ಹರಳಯ್ಯ, ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣ ಹೊತ್ತಿಕೊಂಡ ಹೊತ್ತಿನಲ್ಲಿ ಅವರು ಪದವಿ ತೊರೆದು ಕೂಡಲಸಂಗಮದ ದಾರಿ ಹಿಡಿದರು. ನಂಬಿದ ಮಾತು ಮತ್ತು ಕುರ್ಚಿ ಎದುರಾದಾಗ ಯಾವುದನ್ನು ಬಿಡಬೇಕು ಎಂಬುದಕ್ಕೆ ಈ ನಾಡಿನಲ್ಲಿ ಎಂಟು ನೂರು ವರ್ಷ ಹಳೆಯ ಉತ್ತರವಿದೆ.

ನನ್ನ ಬಿನ್ನಹ ನಾಲ್ಕೇ.

ಸರ್ಕಾರ ಮಠದ ಹೆಸರಿಗೆ ಕೊಡುವ ಅನುದಾನವನ್ನು ಬೇಡವೆನ್ನಿ. ನೀವು ನಡೆಸುವ ಶಾಲೆಗೆ, ವಸತಿ ನಿಲಯಕ್ಕೆ ಎಲ್ಲ ಸಂಸ್ಥೆಗಳಿಗೂ ಸಿಗುವಂತೆ ಮಕ್ಕಳ ಲೆಕ್ಕದಲ್ಲಿ ನಿಯಮದ ಪ್ರಕಾರ ಸಿಗುವುದು ಮಕ್ಕಳ ಹಕ್ಕು, ಅದನ್ನು ಪಡೆಯಿರಿ. ಮುಖ್ಯಮಂತ್ರಿಯ ಕೃಪೆಯಾಗಿ ಬರುವುದನ್ನು ಹಿಂದಿರುಗಿಸಿ.

ಮಠದ ಜಮಾಖರ್ಚನ್ನು ವರ್ಷಕ್ಕೊಮ್ಮೆ ಜಾತ್ರೆಯ ದಿನ ಭಕ್ತರ ಮುಂದೆ ಓದಿಸಿ. ಬೊಗಸೆ ಹಾಕಿದವರಿಗೆ ಕೇಳುವ ಹಕ್ಕು ಮರಳಲಿ.

ಯಾರಿಗೂ ಮಂತ್ರಿಗಿರಿ, ಟಿಕೆಟ್ಟು ಕೇಳಬೇಡಿ. ಯಾರಿಗೆ ಓಟು ಹಾಕಬೇಕೆಂದು ಹೇಳಬೇಡಿ. ನಿಮ್ಮ ವೇದಿಕೆಗೆ ಬಂದ ರಾಜಕಾರಣಿಗೆ ಹಾರ ಹಾಕುವ ಮೊದಲು ಊರಿನ ಶಾಲೆಯ, ಆಸ್ಪತ್ರೆಯ ಲೆಕ್ಕ ಕೇಳಿ.

ಅನ್ಯಾಯ ನಿಮ್ಮವರಲ್ಲದವರಿಗೆ ಆದಾಗ ಮೊದಲು ಮಾತಾಡಿ. ನಿಮ್ಮವರ ಪರ ಮಾತಾಡಲು ಸಂಘಗಳಿವೆ, ಶಾಸಕರಿದ್ದಾರೆ. ಮತ್ತೊಬ್ಬರ ಪರವಾಗಿ ನಿರ್ಭಯವಾಗಿ ಮಾತಾಡಲು ಎಲ್ಲವನ್ನೂ ತೊರೆದವರು ಬೇಕು. ನೀವು ಕಾವಿ ಉಟ್ಟಿದ್ದು ಅದಕ್ಕೇ ಅಲ್ಲವೇ?

ಇದರಿಂದ ಕೆಲವು ಕಟ್ಟಡಗಳು ಏಳದೆ ಇರಬಹುದು. ಏಳದಿದ್ದರೆ ಬೇಡ. ಮಣ್ಣಿನ ಗೋಡೆಯ ಪ್ರಸಾದ ನಿಲಯದಲ್ಲೇ ನಾವು ಓದಿ ಮನುಷ್ಯರಾದೆವು. ನೀವು ಮತ್ತೆ ಜೋಳಿಗೆ ಹಿಡಿದು ಹಳ್ಳಿಗೆ ಬನ್ನಿ. ಹಗೇವುಗಳು ಹೋಗಿವೆ, ಸೇರು ಅಟ್ಟ ಸೇರಿದೆ, ಆದರೆ ಕೊಡುವ ಕೈ ಇನ್ನೂ ಇದೆ. ನನ್ನ ಪಿಂಚಣಿಯ ಮೊದಲ ಪಾಲು ನಿಮ್ಮ ಜೋಳಿಗೆಗೆ.

ಬೇಡುವುದು ಇಷ್ಟೇ. ನಾಳೆ ಮಧ್ಯಾಹ್ನ ಒಂದಕ್ಕೆ, ಯಾರು ಬರಲಿ ಬಿಡಲಿ, ಮಕ್ಕಳ ಊಟದ ಗಂಟೆ ಹೊಡೆಸಿ.

ಇತಿ,
ನಿಮ್ಮ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿ,
ಒಬ್ಬ ನಿವೃತ್ತ ಶಿಕ್ಷಕ